ಮಿಗೆಲ್ ಕುಮಾರನು ಬದುಕಿದ್ದರೆ

ಸಂಸ್ಕೃತ ವ್ಯಾಕರಣವನ್ನು ಬಲ್ಲವರಿಗೆ ಲೃಙ್ ಎಂಬ ಲಕಾರದ ಪರಿಚಯವುಂಟು. ನಡೆಯಬಹುದಾಗಿದ್ದು ನಡೆಯದೆ ಹೋದ ಕ್ರಿಯೆಯನ್ನು ಹೇಳುವುದಕ್ಕಾಗಿಯೇ ಅದು ಮೀಸಲಾಗಿರುವುದು. ಮಳೆಯು ಚೆನ್ನಾಗಿ ಆಗಿದ್ದರೆ ಸುಭಿಕ್ಷವಾಗುತ್ತಿತ್ತೆಂಬುದು ಪಾಠಶಾಲೆಗಳಲ್ಲಿ ಅದಕ್ಕೆ ಕೊಡುವ ವಾಡಿಕೆಯ ಉದಾಹರಣೆ. ಚರಿತ್ರಕಾರರು ಈ ಲಕಾರವನ್ನು ತಮ್ಮ ಪಂಕ್ತಿಗೆ ಸೇರಿಸುವುದಿಲ್ಲ. ಆದುದನ್ನು ಹೇಳುವುದು ಚರಿತ್ರೆ, ಆಗದುದನ್ನು ಹೇಳುವುದು ಕಟ್ಟುಕಥೆ ಎಂಬುದು ಅವರ ವಾದ. ಈ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಆಗದೆ ಹೋದ ಒಂದು ಸಂಗತಿಯನ್ನು ಅಂದಿನವರೇ ಆಗಿಯೇ ತೀರುವುದೆಂದು ನಿಶ್ಚಯಿಸಿ, ಸಭೆ ನೆರೆದು ಪ್ರಮಾಣ ಮಾಡಿ, ಅದಕ್ಕಾಗಿ ಬೆಲೆಯನ್ನೂ ತೆತ್ತಿದ್ದ ಪಕ್ಷದಲ್ಲಿ, ಆ ನಿರೀಕ್ಷೆಯೂ ಚರಿತ್ರೆಯದೇ ಒಂದು ಭಾಗವೆಂದು ನಾನು ಎಣಿಸುತ್ತೇನೆ. ಯೂರೋಪು ಖಂಡದ ನೈಋತ್ಯ ಮೂಲೆಯಲ್ಲಿರುವ ಐಬೀರಿಯಾ ಪರ್ಯಾಯದ್ವೀಪದಲ್ಲಿ ಹದಿನೈದನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಅಂತಹ ಪ್ರಸಂಗವೊಂದು ನಡೆಯಿತು. ಅದನ್ನೇ ಈಗ ವಾಚಕರ ಮುಂದಿಡುತ್ತೇನೆ.

ಆ ಕಾಲದಲ್ಲಿ ಸ್ಪೇನ್ ಎಂಬ ಒಂದು ರಾಜ್ಯವೇ ಇರಲಿಲ್ಲ. ನಡುವೆ ಕ್ಯಾಸ್ಟೀಲ್, ಮೂಡಲಲ್ಲಿ ಆರಗಾನ್, ಪಡುವಲಲ್ಲಿ ಪೋರ್ಚುಗಲ್, ಉತ್ತರದ ಬೆಟ್ಟಗಳ ಮಗ್ಗುಲಲ್ಲಿ ನವಾರ್. ದಕ್ಷಿಣದಲ್ಲಿ 1492ರ ವರೆಗೆ ಮುಸಲ್ಮಾನ ದೊರೆಗಳ ಗ್ರನಾಡಾ. 1469ರಲ್ಲಿ ಕ್ಯಾಸ್ಟೀಲಿನ ಇಸಾಬೆಲ್ಲಾ ಎಂಬ ರಾಜಕುಮಾರಿಗೂ ಆರಗಾನಿನ ಯುವರಾಜನಾದ ಫರ್ಡಿನೆಂಡನಿಗೂ ವಿವಾಹವಾಯಿತು. 1474ರಲ್ಲಿ ಅವಳ ಮಲಅಣ್ಣನಾದ ನಾಲ್ಕನೆಯ ಎನ್ರಿಕೆ ದೊರೆಯು ತೀರಿಕೊಂಡಾಗ ಅವನ ಮಗಳೆನಿಸಿದ ಹುವಾನಾ ಎಂಬ ಹನ್ನೆರಡು ವರ್ಷದ ಹುಡುಗಿಯು ಬದುಕಿದ್ದಳು. ಅವಳು ದೊರೆಯ ಔರಸಪುತ್ರಿಯಲ್ಲವೆಂದು ಎದುರುಪಕ್ಷದವರು ಅಪವಾದ ಹೊರಿಸಿದರು. ಪೋರ್ಚುಗಲ್ಲಿನ ಐದನೆಯ ಅಫೋನ್ಸೋ ದೊರೆಯು ಆ ಬಾಲೆಯನ್ನೇ ವರಿಸಿ ದಂಡೆತ್ತಿ ಬಂದನು. 1476ರ ಮಾರ್ಚಿಯಲ್ಲಿ ತೋರೋ ಎಂಬಲ್ಲಿ ಕಾಳಗವಾಯಿತು. ಜಯವು ತಮ್ಮದೇ ಎಂದು ಎರಡು ಕಡೆಯವರೂ ಹೇಳಿಕೊಂಡರೂ ಫಲವು ಮಾತ್ರ ಇಸಾಬೆಲ್ಲಾಳ ಪಾಲಾಯಿತು. 1479ರ ಒಪ್ಪಂದವಾದ ಮೇಲೆ ಹುವಾನಾ ಸಂನ್ಯಾಸಿನಿಯರ ಮಠವನ್ನು ಸೇರಬೇಕಾಯಿತು. ಅವಳು 1530ರ ವರೆಗೆ ಬದುಕಿದ್ದಳೆಂಬುದನ್ನು ಚರಿತ್ರೆಯ ಪುಸ್ತಕಗಳು ಸಾಮಾನ್ಯವಾಗಿ ಹೇಳುವುದೇ ಇಲ್ಲ.

ಗೆದ್ದ ಇಸಾಬೆಲ್ಲಾಳಿಗೂ ಪೋರ್ಚುಗಲ್ಲಿನ ಮೇಲಿನ ಆಸೆ ಹೋಗಲಿಲ್ಲ. ಖಡ್ಗದ ಬದಲು ಕಂಕಣವನ್ನು ಹಿಡಿದಳು, ಅಷ್ಟೇ. ಅವಳ ಹಿರಿಯ ಮಗಳಿಗೂ ತಾಯಿಯ ಹೆಸರೇ. ಗೊಂದಲವಾಗದಂತೆ ಅವಳನ್ನು ಇಸಬೆಲ್ ಕುಮಾರಿ ಎನ್ನೋಣ. 1490ರಲ್ಲಿ ಪೋರ್ಚುಗಲ್ಲಿನ ಯುವರಾಜನಿಗೆ ಅವಳನ್ನು ಕೊಟ್ಟರು. ಮರುವರ್ಷದ ಜುಲೈ ತಿಂಗಳಿನಲ್ಲಿ, ಮದುವೆಯಾಗಿ ವರ್ಷವೂ ತುಂಬುವುದರೊಳಗೆ, ಆ ಹದಿನಾರು ವರ್ಷದ ಹುಡುಗನು ತೇಜೋ ನದಿಯ ದಡದಲ್ಲಿ ಕುದುರೆಯಿಂದ ಬಿದ್ದು ಸತ್ತನು. ಅವನ ತಂದೆಯಾದ ಎರಡನೆಯ ಜೋಆಂ ದೊರೆಗೆ ಧರ್ಮಪತ್ನಿಯಲ್ಲಿ ಬೇರೆ ಗಂಡುಮಗುವು ಉಳಿದಿರಲಿಲ್ಲವಾದುದರಿಂದ, 1495ರಲ್ಲಿ ಸಿಂಹಾಸನವು ದಾಯಾದಿಯೂ ರಾಣಿಯ ತಮ್ಮನೂ ಆದ ಮಾನುವೆಲ್ ಎಂಬವನಿಗೆ ಬಂದಿತು. ಈ ಮಾನುವೆಲನು ತನ್ನ ತಂದೆಗೆ ಕೊನೆಯ ಮಗ. ಅವನ ಅಣ್ಣನೊಬ್ಬನನ್ನು ಒಳಸಂಚಿನ ಆರೋಪದ ಮೇಲೆ 1484ರಲ್ಲಿ ಜೋಆಂ ದೊರೆಯು ತನ್ನ ಕೈಯಿಂದಲೇ ತಿವಿದು ಕೊಂದಿದ್ದನು. ಪಟ್ಟದ ಕನಸನ್ನೂ ಕಾಣಬಾರದವನಿಗೆ ಪಟ್ಟವು ದೊರೆತುದು ಕಾಕತಾಲೀಯವಲ್ಲದೆ ಮತ್ತೇನು!

ಮಾನುವೆಲನು ವಿಧವೆಯಾದ ಇಸಬೆಲ್ ಕುಮಾರಿಯ ಕೈಯನ್ನೇ ಬೇಡಿದನು. ಕನ್ಯಾಶುಲ್ಕವಾಗಿ ಕ್ಯಾಸ್ಟೀಲಿನವರು ಕೇಳಿದುದು ಹೊನ್ನಲ್ಲ. ತಮ್ಮ ಮತಕ್ಕೆ ಹೊರತಾದವರನ್ನು ಪೋರ್ಚುಗಲ್ಲಿನಿಂದ ಹೊರಡಿಸಬೇಕೆಂಬುದು. 1496ರ ಡಿಸೆಂಬರಿನಲ್ಲಿ ಯೆಹೂದ್ಯರೂ ಮುಸಲ್ಮಾನರೂ ರಾಜ್ಯವನ್ನು ಬಿಡತಕ್ಕದ್ದೆಂದು ಮಾನುವೆಲನ ನಿರೂಪವು ಹೊರಟಿತು. 1492ರಲ್ಲಿ ಕ್ಯಾಸ್ಟೀಲಿನಿಂದ ಅಟ್ಟಲ್ಪಟ್ಟು, ತಲೆಗೆ ಎಂಟು ಕ್ರುಸಾಡೋ ನಾಣ್ಯಗಳನ್ನು ತೆತ್ತು ಪೋರ್ಚುಗಲ್ಲಿನಲ್ಲಿ ಎಂಟು ತಿಂಗಳ ಆಶ್ರಯ ಪಡೆದ ಯೆಹೂದ್ಯರೂ ಇವರಲ್ಲಿ ಇದ್ದರು. ಆದರೆ ಅಷ್ಟು ಮಂದಿ ಕುಶಲಿಗಳನ್ನೂ ವರ್ತಕರನ್ನೂ ಕಳೆದುಕೊಳ್ಳಲು ದೊರೆಗೆ ಮನಸ್ಸಿರಲಿಲ್ಲ. 1497ರ ವಸಂತದಲ್ಲಿ ಅವರ ಎಳೆಯ ಮಕ್ಕಳನ್ನು ಕಿತ್ತುಕೊಂಡು ಕ್ರೈಸ್ತರ ಮನೆಗಳಿಗೆ ಹಂಚಿದರು. ಹೊರಡಲೆಂದು ಲಿಸ್ಬನ್ನಿನಲ್ಲಿ ನೆರೆದವರಿಗೆ ಬಲವಂತವಾಗಿ ದೀಕ್ಷಾಸ್ನಾನ ಮಾಡಿಸಿದರು. ಈ ಪೀಠಿಕೆಯಾದ ಬಳಿಕ ಆ ವರ್ಷದ ಶರತ್ತಿನಲ್ಲಿ ಮದುವೆಯಾಯಿತು.

ಆ ದಿನಗಳಲ್ಲಿಯೇ ಇಸಾಬೆಲ್ಲಾ ಫರ್ಡಿನೆಂಡರ ಒಬ್ಬನೇ ಮಗನಾದ ಹುವಾನ್ ಯುವರಾಜನು ಸಲಮಾಂಕಾ ನಗರದಲ್ಲಿ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮಡಿದನು. ಅವನ ಹೆಂಡತಿಯು ಗರ್ಭಿಣಿಯಾಗಿದ್ದಳು. ಶಿಶುವು ಸತ್ತೇ ಹುಟ್ಟಿತು. ಹೀಗಾಗಿ ಪೋರ್ಚುಗಲ್ಲಿನ ರಾಣಿಯಾದ ಇಸಬೆಲ್ ತೌರಿನ ರಾಜ್ಯಗಳಿಗೂ ಹಕ್ಕುದಾರಳಾದಳು. ಹೆಣ್ಣು ಆಳಬಹುದೆಂಬುದು ಕ್ಯಾಸ್ಟೀಲಿನ ಸಂಪ್ರದಾಯವಾದುದರಿಂದ 1498ರಲ್ಲಿ ತೊಲೆದೋ ನಗರದಲ್ಲಿ ಅವಳಿಗೆ ಪ್ರಮಾಣವಾಯಿತು. ಆರಗಾನಿನ ಮಹಾಸಭೆಯವರು ಮಾತ್ರ ಒಪ್ಪಲೊಲ್ಲರು. ಆದರೆ ಅವಳ ಹೊಟ್ಟೆಯಲ್ಲಿ ಗಂಡು ಹುಟ್ಟಿದರೆ ಅವನಿಗೆ ಪ್ರಮಾಣ ಮಾಡಲು ಅವರ ಅಡ್ಡಿಯಿರಲಿಲ್ಲ. ನಮ್ಮ ಧರ್ಮಶಾಸ್ತ್ರಗಳ ಪುತ್ರಿಕಾಪುತ್ರ ನ್ಯಾಯವನ್ನು ಬಲ್ಲವರಿಗೆ ಇದು ಹೊಸದೆನಿಸದು. ಚಿತ್ರಾಂಗದೆಯನ್ನು ಅರ್ಜುನನಿಗೆ ಕೊಡುವಾಗ ಅವಳ ತಂದೆಯು, ಅವಳಿಗೆ ಹುಟ್ಟುವ ಮಗನೇ ತನ್ನ ವಂಶಕರನಾಗಬೇಕೆಂದು ಗೊತ್ತುಮಾಡಿದುದನ್ನು ನೆನೆದುಕೊಳ್ಳಬಹುದು.

1498ರ ಆಗಸ್ಟಿನಲ್ಲಿ ಸರಗೋಸಾ ನಗರದಲ್ಲಿ ಆ ಗಂಡುಮಗುವು ಹುಟ್ಟಿತು, ಅವನೇ ಮಿಗೆಲ್. ಹೆತ್ತ ಸ್ವಲ್ಪ ಹೊತ್ತಿನಲ್ಲಿಯೇ ತಾಯಿಯು ಪ್ರಾಣಬಿಟ್ಟಳು. ಸೆಪ್ಟೆಂಬರಿನಲ್ಲಿ ಆರಗಾನಿನವರೂ 1499ರ ಜನವರಿಯಲ್ಲಿ ಕ್ಯಾಸ್ಟೀಲಿನವರೂ ಮಾರ್ಚಿಯಲ್ಲಿ ಪೋರ್ಚುಗಲ್ಲಿನವರೂ ಆ ತೊಟ್ಟಿಲ ಕೂಸಿಗೆ ಉತ್ತರಾಧಿಕಾರದ ಪ್ರಮಾಣ ಮಾಡಿದರು. ಸರಗೋಸಾದಲ್ಲಿ ಪ್ರಮಾಣ ನಡೆಯುತ್ತಿದ್ದ ಅದೇ ಸೆಪ್ಟೆಂಬರಿನಲ್ಲಿ, ಮೇ ತಿಂಗಳಿನಲ್ಲಿ ಕಲ್ಲಿಕೋಟೆಯನ್ನು ಮುಟ್ಟಿದ್ದ ವಾಸ್ಕೋ ಡ ಗಾಮನು ಹಿಂದಿರುಗುವ ದಾರಿಯಲ್ಲಿ ನಮ್ಮ ಕಾರವಾರದ ಸಮೀಪದ ಅಂಜದೀವದಲ್ಲಿ ಹಡಗುಗಳನ್ನು ಸರಿಪಡಿಸಿಕೊಳ್ಳುತ್ತಿದ್ದನು. ತನ್ನ ದೊರೆಗೆ ಮಗನಾದುದೂ ರಾಣಿ ಸತ್ತುದೂ ಅವನಿಗೆ ತಿಳಿಯದು. ಇಂಡಿಯಾದ ದಾರಿ ಸಿಕ್ಕಿದುದು ದೊರೆಗೆ ತಿಳಿಯದು. 1499ರ ಜುಲೈನಲ್ಲಿ ಆ ಸುದ್ದಿಯು ಲಿಸ್ಬನ್ನಿಗೆ ಮುಟ್ಟಿದಾಗ, ಕೊಲಂಬಸನು ಕಂಡ ಪಡುವಣ ದ್ವೀಪಗಳಿಗೂ ಗಾಮನು ಕಂಡ ಮೂಡಣ ದಾರಿಗೂ ಹನ್ನೊಂದು ತಿಂಗಳ ಒಂದೇ ಮಗುವು ಬಾಧ್ಯನಾಗಿದ್ದಿತು. ಅಜ್ಜಿಯ ಆರೈಕೆಯಲ್ಲಿ ಬೆಳೆಯುತ್ತಿದ್ದ ಅದು 1500ರ ಜುಲೈನಲ್ಲಿ ಗ್ರನಾಡಾ ನಗರದಲ್ಲಿ, ಎರಡು ವರ್ಷ ತುಂಬುವ ಮೊದಲೇ, ಕಣ್ಣು ಮುಚ್ಚಿತು.

ಇನ್ನು ಲೃಙ್ ಲಕಾರಕ್ಕೆ ಬರೋಣ. ಮಿಗೆಲನು ಬದುಕಿದ್ದರೆ ಐಬೀರಿಯಾ 1500ರ ಸುಮಾರಿಗೇ ಒಂದು ರಾಷ್ಟ್ರವಾಗುತ್ತಿತ್ತೆಂದು ಕೆಲವರು ಉತ್ಸಾಹದಿಂದ ಹೇಳುವುದುಂಟು. ನನಗೆ ಹಾಗೆ ತೋರುವುದಿಲ್ಲ. ಇಸಾಬೆಲ್ಲಾ ರಾಣಿಯು 1504ರಲ್ಲಿ ತೀರಿಕೊಂಡಳು. ಆಗ ಮಿಗೆಲನಿಗೆ ಆರು ವರ್ಷ. ಅವನ ಪರವಾಗಿ ಕ್ಯಾಸ್ಟೀಲನ್ನು ಆಳತಕ್ಕವನು ಅಜ್ಜನಾದ ಫರ್ಡಿನೆಂಡನೋ ತಂದೆಯಾದ ಮಾನುವೆಲನೋ? ಇಬ್ಬರೂ ಬಿಟ್ಟುಕೊಡುವ ಜಾತಿಯವರಲ್ಲ. ಮುಖ್ಯವಾಗಿ, 1499ರಲ್ಲಿ ಪೋರ್ಚುಗಲ್ಲಿನವರು ಪ್ರಮಾಣ ಮಾಡುವಾಗ, ರಾಜ್ಯಗಳು ಕೂಡಿದರೂ ತಮ್ಮ ನಾಡಿನ ಅಧಿಕಾರಗಳು ತಮ್ಮವರ ಕೈಯಲ್ಲಿಯೇ ಇರಬೇಕೆಂದು ಮಾನುವೆಲನಿಂದ ಲಿಖಿತವಾಗಿ ಪಡೆದಿದ್ದರು. ಅಂದಮೇಲೆ ಒಂದೇ ತಲೆಗೆ ಮೂರು ಕಿರೀಟಗಳು ಸೇರುತ್ತಿದ್ದವೇ ಹೊರತು ಮೂರು ದೇಹಗಳು ಒಂದಾಗುತ್ತಿರಲಿಲ್ಲ.

ಬದಲಾಗುತ್ತಿದ್ದುದು ಹೊರಗಿನ ನಂಟು. ಮಿಗೆಲನು ಸತ್ತುದರಿಂದ ಹಕ್ಕು ಅವನ ಚಿಕ್ಕಮ್ಮನಾದ ಮತ್ತೊಬ್ಬ ಹುವಾನಾಳಿಗೂ, ಅವಳ ಮೂಲಕ ಆ ವರ್ಷದ ಫೆಬ್ರವರಿಯಲ್ಲಷ್ಟೇ ಫ್ಲಾಂಡರ್ಸ್ ನಾಡಿನ ಗೆಂಟ್ ನಗರದಲ್ಲಿ ಹುಟ್ಟಿದ್ದ ಚಾರಲ್ಸನಿಗೂ ಹೋಯಿತು. ಆಸ್ಟ್ರಿಯಾದ ಹ್ಯಾಪ್ಸ್‌ಬರ್ಗ್ ಮನೆತನಕ್ಕೆ ಸ್ಪೇನು ದಕ್ಕಿದುದು ಹೀಗೆ. 1517ರಲ್ಲಿ ಬಂದ ಆ ಪರದೇಶಿ ದೊರೆಯ ವಿರುದ್ಧ ಕ್ಯಾಸ್ಟೀಲಿನ ನಗರಗಳು 1520ರಲ್ಲಿ ದಂಗೆಯೆದ್ದವು. ಮುಂದೆ ಅಮೆರಿಕದ ಬೆಳ್ಳಿಯು ಜರ್ಮನಿಯ ಯುದ್ಧಗಳಲ್ಲಿಯೂ ನೆದರ್ಲೆಂಡಿನ ದೀರ್ಘ ಕದನದಲ್ಲಿಯೂ ಕರಗಿಹೋಯಿತು. ಮಿಗೆಲನಿಗೆ ಆ ದೇಶಗಳ ಗೊಡವೆಯೇ ಇರುತ್ತಿರಲಿಲ್ಲ. ಹಾಗೆಯೇ 1494ರ ಒಪ್ಪಂದದಂತೆ ಸಾಗರವನ್ನು ಎರಡಾಗಿ ಸೀಳಿದ್ದ ಗೆರೆಯೂ ಅರ್ಥವಿಲ್ಲದ್ದಾಗುತ್ತಿತ್ತು. ಪೋರ್ಚುಗೀಸನಾದ ಮ್ಯಾಗೆಲನನು ಮುನಿದು ಸ್ಪೇನಿನ ದೊರೆಯ ಸೇವೆಗೆ ಸೇರಿ 1519ರಲ್ಲಿ ಪಡುವಣ ದಾರಿಯಾಗಿ ಸಾಂಬಾರ ದ್ವೀಪಗಳನ್ನು ಅರಸುವ ಕಾರಣವಿರುತ್ತಿರಲಿಲ್ಲ. ಆ ದ್ವೀಪಗಳಿಗಾಗಿ 1529ರಲ್ಲಿ ಪೋರ್ಚುಗಲ್ಲು ಚಾರಲ್ಸನಿಗೆ 3,50,000 ಡ್ಯುಕಾಟುಗಳನ್ನು ಕೊಡಬೇಕಾಗಿಯೂ ಬರುತ್ತಿರಲಿಲ್ಲ.

ನಮ್ಮ ಕರಾವಳಿಗೆ ಏನಾದರೂ ಭೇದವಾಗುತ್ತಿತ್ತೆ? ಆಗುತ್ತಿರಲಿಲ್ಲವೆಂದೇ ನನ್ನ ಮತ. ಮಾನುವೆಲನು 1521ರ ವರೆಗೆ ಬದುಕಿದ್ದನು. 1510ರಲ್ಲಿ ಆಲ್ಬುಕರ್ಕನು ಹೊನ್ನಾವರದ ತಿಮ್ಮಯ್ಯನ ಸಹಾಯದಿಂದ ಗೋವೆಯನ್ನು ಹಿಡಿದಾಗ ಮಿಗೆಲನು ಹನ್ನೆರಡರ ಬಾಲಕನಾಗಿರುತ್ತಿದ್ದನು. ತಂದೆಯ ಹಡಗುಗಳು ಬರುವಂತೆಯೇ ಬರುತ್ತಿದ್ದವು.

ಮಗುವು ಸತ್ತಿತು, ಮಗುವಿಗಾಗಿ ತೆತ್ತ ಬೆಲೆಯು ಹಿಂದಕ್ಕೆ ಬರಲಿಲ್ಲ. ಯಾವ ಮದುವೆಗಾಗಿ ಲಿಸ್ಬನ್ನಿನ ಯೆಹೂದ್ಯರನ್ನು ನೀರಿಗೆ ನೂಕಿದರೋ ಆ ಮದುವೆಯು ವರ್ಷವೊಂದೇ ನಡೆಯಿತು. ಅದರ ಫಲವು ಎರಡು ವರ್ಷವೂ ಉಳಿಯಲಿಲ್ಲ. ಆದರೆ ‘ಹೊಸ ಕ್ರೈಸ್ತ’ರೆಂಬ ಹೆಸರು ಆ ಮನೆತನಗಳಿಗೆ ತಲೆತಲಾಂತರವಾಗಿ ಅಂಟಿಕೊಂಡಿತು. 1506ರ ಏಪ್ರಿಲಿನಲ್ಲಿ ಲಿಸ್ಬನ್ನಿನ ಬೀದಿಗಳಲ್ಲಿ ಅವರ ಕೊಲೆಯು ನಡೆಯಿತು. ಅವರ ನಡೆನುಡಿಗಳನ್ನು ಶೋಧಿಸುವುದೇ ಮುಖ್ಯ ಕಾರ್ಯವಾಗಿ 1536ರಲ್ಲಿ ಪೋರ್ಚುಗಲ್ಲಿನಲ್ಲಿ ಮತವಿಚಾರಣೆಯ ನ್ಯಾಯಸ್ಥಾನವು ಏರ್ಪಟ್ಟಿತು. ಅದರ ಕೊಂಬೆಯು 1560ರಲ್ಲಿ ಗೋವೆಗೂ ಚಾಚಿತು. ಗೋವೆಯನ್ನು ತೊರೆದು ಕೆನರಾ ಸೀಮೆಗೆ ಬಂದು ನೆಲಸಿದ ಕೊಂಕಣಿಗರು ನಮ್ಮ ನೆರೆಹೊರೆಯಲ್ಲಿಯೇ ಇದ್ದಾರೆ. ಆ ವಲಸೆಗಿದ್ದ ಹಲವು ಕಾರಣಗಳಲ್ಲಿ ಈ ನ್ಯಾಯಸ್ಥಾನದ ಭಯವೂ ಒಂದು.

ಮಾನುವೆಲನಾದರೋ 1500ರ ಅಕ್ಟೋಬರಿನಲ್ಲಿಯೇ ಸತ್ತ ಹೆಂಡತಿಯ ತಂಗಿಯಾದ ಮರಿಯಾಳನ್ನು ವಿವಾಹವಾದನು. ಈ ಸಂಬಂಧದಿಂದ ಹುಟ್ಟಿದ ಮಗಳನ್ನು ಚಾರಲ್ಸನು ವರಿಸಿದನು. ಅವರ ಮಗನೇ ಎರಡನೆಯ ಫಿಲಿಪ್. 1578ರಲ್ಲಿ ಪೋರ್ಚುಗಲ್ಲಿನ ತರುಣ ದೊರೆ ಸೆಬಾಸ್ಟಿಯನ್ ಮೊರಾಕೋದ ರಣರಂಗದಲ್ಲಿ ನಿಸ್ಸಂತಾನನಾಗಿ ಬಿದ್ದ ಬಳಿಕ, 1580ರಲ್ಲಿ ಫಿಲಿಪ್ಪನು ತಾಯಿಯ ಹಕ್ಕಿನಿಂದಲೇ ಆ ಕಿರೀಟವನ್ನು ಪಡೆದನು. ಮರುವರ್ಷ ತೊಮಾರ್ ಎಂಬಲ್ಲಿ ಸಭೆ ನೆರೆದಾಗ, ಮಿಗೆಲನಿಗಾಗಿ 1499ರಲ್ಲಿ ಬರೆದ ಆ ಹಳೆಯ ಪತ್ರದ ಷರತ್ತುಗಳನ್ನೇ ಪೋರ್ಚುಗೀಸರು ಮುಂದಿಟ್ಟರು, ಫಿಲಿಪ್ಪನು ಒಪ್ಪಿದನು. ಆ ಕೂಟವು 1640ರಲ್ಲಿ ಮುರಿಯಿತು.

ಗ್ರನಾಡಾದ ರಾಜಮಂದಿರದ ನೆಲಮಾಳಿಗೆಯಲ್ಲಿ ಸೀಸದ ಐದು ಶವಪೆಟ್ಟಿಗೆಗಳಿವೆ. ಇಸಾಬೆಲ್ಲಾ, ಫರ್ಡಿನೆಂಡ್, ಅವರ ಮಗಳು ಹುವಾನಾ, ಅವಳ ಗಂಡ ಫಿಲಿಪ್, ಇವರವು ನಾಲ್ಕು. ಐದನೆಯದು ಚಿಕ್ಕದು, ಅದು ಮಿಗೆಲನದು.