ಅಂಡಾಶಯದ ಕ್ಯಾನ್ಸರ್‌ನ ರಕ್ತಪರೀಕ್ಷೆ

ಅಂಡಾಶಯದ ಕ್ಯಾನ್ಸರ್‌ನ ರಕ್ತಪರೀಕ್ಷೆ ಎಂದರೆ ಅಂಡಾಶಯ, ಅಂಡನಾಳ ಅಥವಾ ಉದರಪೊರೆಯಲ್ಲಿ ಹುಟ್ಟುವ ಗಡ್ಡೆಗಳಿಂದ ರಕ್ತಕ್ಕೆ ಸೇರುವ ವಸ್ತುಗಳನ್ನು ಅಳೆಯುವ ವಿಧಾನ. ಇಂತಹ ವಸ್ತುಗಳನ್ನು ಟ್ಯೂಮರ್ ಮಾರ್ಕರ್ ಅಥವಾ ಗಡ್ಡೆಸೂಚಕ ಎಂದು ಕರೆಯುತ್ತಾರೆ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಸಿಎ-125. ರೋಗಲಕ್ಷಣವಿರುವವರ ತಪಾಸಣೆಯಲ್ಲಿ ಮತ್ತು ಚಿಕಿತ್ಸೆಯ ಪರಿಣಾಮವನ್ನು ಅರಿಯುವಲ್ಲಿ ಇದು ಉಪಯುಕ್ತವಾಗಿದೆ. ಆದರೆ ಲಕ್ಷಣಗಳಿಲ್ಲದ ಆರೋಗ್ಯವಂತ ಮಹಿಳೆಯರಲ್ಲಿ ಇದರಿಂದ ಸಾವಿನ ಪ್ರಮಾಣ ತಗ್ಗುತ್ತದೆ ಎಂಬುದು ಸಾಬೀತಾಗಿಲ್ಲ.

ಹಿನ್ನೆಲೆ

ಭಾರತದ ಮಹಿಳೆಯರಲ್ಲಿ ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳ ನಂತರ ಹೆಚ್ಚಾಗಿ ಕಂಡುಬರುವುದು ಅಂಡಾಶಯದ ಕ್ಯಾನ್ಸರ್. ಹೊಟ್ಟೆ ಉಬ್ಬರ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆಯ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಇದರ ಲಕ್ಷಣಗಳು. ಇವನ್ನು ಅಜೀರ್ಣ ಅಥವಾ ಗ್ಯಾಸ್ ತೊಂದರೆಯೆಂದು ಭಾವಿಸುವುದು ಸಾಮಾನ್ಯ. ಆದುದರಿಂದ ಬಹುಪಾಲು ರೋಗಿಗಳಲ್ಲಿ ಕಾಯಿಲೆಯು ಮೂರನೆಯ ಅಥವಾ ನಾಲ್ಕನೆಯ ಹಂತದಲ್ಲಿ ಪತ್ತೆಯಾಗುತ್ತದೆ. ಮೊದಲ ಹಂತದಲ್ಲೇ ಪತ್ತೆಯಾದರೆ ಐದು ವರ್ಷ ಬದುಕುಳಿಯುವವರ ಪ್ರಮಾಣ ಶೇ. 90ರ ಆಸುಪಾಸಿನಲ್ಲಿರುತ್ತದೆ.

ಇತಿಹಾಸ

1981ರಲ್ಲಿ ಅಮೆರಿಕದ ರಾಬರ್ಟ್ ಬಾಸ್ಟ್, ರಾಬರ್ಟ್ ನ್ಯಾಪ್ ಮತ್ತು ಸಂಗಡಿಗರು ಅಂಡಾಶಯದ ಕ್ಯಾನ್ಸರ್ ಕೋಶಗಳಿಗೆ ಅಂಟಿಕೊಳ್ಳುವ ಒಸಿ-125 ಎಂಬ ಪ್ರತಿಕಾಯವನ್ನು ವಿವರಿಸಿದರು. ಅದು ಗುರುತಿಸುವ ಪ್ರೋಟೀನಿಗೆ ಸಿಎ-125 ಎಂಬ ಹೆಸರು ಬಂತು. 1983ರಲ್ಲಿ ಅದನ್ನು ರಕ್ತದಲ್ಲಿ ಅಳೆಯುವ ವಿಧಾನ ಪ್ರಕಟವಾಯಿತು. 2001ರಲ್ಲಿ ಈ ಪ್ರೋಟೀನಿನ ಜೀನ್ ಎಂಯುಸಿ16 ಎಂದು ತಿಳಿದುಬಂತು.

ಪರೀಕ್ಷೆ ಮತ್ತು ಫಲಿತಾಂಶ

ತೋಳಿನ ರಕ್ತನಾಳದಿಂದ ತೆಗೆದ ರಕ್ತದ ಸೀರಮ್‌ನಲ್ಲಿ ಸಿಎ-125ರ ಪ್ರಮಾಣವನ್ನು ಅಳೆಯಲಾಗುತ್ತದೆ. ಮಿಲಿಲೀಟರಿಗೆ 35 ಯೂನಿಟ್‌ಗಿಂತ ಕಡಿಮೆಯಿದ್ದರೆ ಸಾಮಾನ್ಯವೆಂದು ಪರಿಗಣಿಸುತ್ತಾರೆ. ಮುಂದುವರಿದ ಹಂತದ ಎಪಿಥೀಲಿಯಲ್ ಕ್ಯಾನ್ಸರ್ ಇರುವ ಸುಮಾರು ಶೇ. 80ರಷ್ಟು ರೋಗಿಗಳಲ್ಲಿ ಈ ಮಟ್ಟ ಏರಿರುತ್ತದೆ. ಮೊದಲ ಹಂತದಲ್ಲಿ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಮಾತ್ರ ಏರಿಕೆ ಕಾಣುತ್ತದೆ.

ಮುಟ್ಟು, ಗರ್ಭಧಾರಣೆ, ಎಂಡೊಮೆಟ್ರಿಯೋಸಿಸ್, ಗರ್ಭಕೋಶದ ಫೈಬ್ರಾಯ್ಡ್, ಕಿಬ್ಬೊಟ್ಟೆಯ ಸೋಂಕು ಮತ್ತು ಯಕೃತ್ತಿನ ಕಾಯಿಲೆಗಳಲ್ಲಿಯೂ ಸಿಎ-125 ಏರಬಹುದು. ಭಾರತದಲ್ಲಿ ಮುಖ್ಯವಾಗಿ ಗಮನಿಸಬೇಕಾದುದು ಹೊಟ್ಟೆಯ ಕ್ಷಯ. ಅದರಲ್ಲಿಯೂ ಹೊಟ್ಟೆಯಲ್ಲಿ ನೀರು ತುಂಬಿ, ಸಿಎ-125 ಬಹಳ ಏರಿ, ಕ್ಯಾನ್ಸರ್‌ನಂತೆಯೇ ತೋರಬಹುದು. ಔಷಧಿಯಿಂದ ಗುಣವಾಗುವ ಈ ರೋಗವನ್ನು ಅಂಗಾಂಶ ಪರೀಕ್ಷೆಯ ಮೂಲಕ ಬೇರ್ಪಡಿಸಿ ಗುರುತಿಸಬೇಕಾಗುತ್ತದೆ.

ಅಲ್ಟ್ರಾಸೌಂಡ್ ಅಂಕ, ಋತುಬಂಧದ ಸ್ಥಿತಿ ಮತ್ತು ಸಿಎ-125 ಮಟ್ಟವನ್ನು ಗುಣಿಸಿ ಅಪಾಯ ಸೂಚ್ಯಂಕವನ್ನು ಲೆಕ್ಕಹಾಕುವ ಕ್ರಮ 1990ರಿಂದ ಬಳಕೆಯಲ್ಲಿದೆ. ಸೂಚ್ಯಂಕ 200ನ್ನು ಮೀರಿದರೆ ರೋಗಿಯನ್ನು ಕ್ಯಾನ್ಸರ್ ತಜ್ಞರ ಬಳಿಗೆ ಕಳುಹಿಸುವುದು ವಾಡಿಕೆ. ಎಚ್‌ಇ-4 ಎಂಬ ಮತ್ತೊಂದು ಸೂಚಕವು ಎಂಡೊಮೆಟ್ರಿಯೋಸಿಸ್‌ನಲ್ಲಿ ಅಷ್ಟಾಗಿ ಏರುವುದಿಲ್ಲ. ಎಳೆಯ ವಯಸ್ಸಿನವರಲ್ಲಿ ಕಾಣುವ ಜರ್ಮ್ ಸೆಲ್ ಗಡ್ಡೆಗಳಿಗೆ ಎಎಫ್‌ಪಿ, ಬೀಟಾ ಎಚ್‌ಸಿಜಿ ಮತ್ತು ಎಲ್‌ಡಿಎಚ್ ಪರೀಕ್ಷೆಗಳನ್ನು ಮಾಡಿಸುತ್ತಾರೆ.

ಸಾಮೂಹಿಕ ತಪಾಸಣೆಯ ಪ್ರಶ್ನೆ

ಒಂದು ಲಕ್ಷ ಮಹಿಳೆಯರಲ್ಲಿ 40 ಮಂದಿಗೆ ಕ್ಯಾನ್ಸರ್ ಇದೆಯೆಂದು ಭಾವಿಸೋಣ. ಆರೋಗ್ಯವಂತರಲ್ಲಿ ಶೇ. 99ರಷ್ಟು ಮಂದಿಗೆ ಸರಿಯಾದ ಉತ್ತರ ನೀಡುವ ಪರೀಕ್ಷೆಯೂ ಸುಮಾರು 1,000 ಆರೋಗ್ಯವಂತರನ್ನು ಶಂಕಿತರ ಪಟ್ಟಿಗೆ ಸೇರಿಸುತ್ತದೆ. ಅಂಡಾಶಯದ ಗಡ್ಡೆಗೆ ಸೂಜಿ ಚುಚ್ಚಿದರೆ ಕ್ಯಾನ್ಸರ್ ಕೋಶಗಳು ಹರಡುವ ಅಪಾಯವಿರುವುದರಿಂದ ಸಂಶಯ ನಿವಾರಣೆಗೆ ಹಲವು ಬಾರಿ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ.

ಅಮೆರಿಕದಲ್ಲಿ 78,216 ಮಹಿಳೆಯರನ್ನು ಒಳಗೊಂಡ ಅಧ್ಯಯನದ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಸಿಎ-125 ಮತ್ತು ಅಲ್ಟ್ರಾಸೌಂಡ್ ತಪಾಸಣೆಯಿಂದ ಸಾವುಗಳು ಕಡಿಮೆಯಾಗಲಿಲ್ಲ. ಕ್ಯಾನ್ಸರ್ ಇಲ್ಲದಿದ್ದರೂ ಶಂಕಿತರಾದ 3,285 ಮಂದಿಯಲ್ಲಿ 1,080 ಮಂದಿ ಶಸ್ತ್ರಚಿಕಿತ್ಸೆಗೆ ಒಳಗಾದರು. ಅವರಲ್ಲಿ 163 ಮಂದಿಗೆ ಗಂಭೀರ ತೊಡಕುಗಳಾದವು. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ ಸಿಎ-125ರ ವಾರ್ಷಿಕ ಏರಿಳಿತವನ್ನು ಗಮನಿಸಲಾಯಿತು. ಆರಂಭದ ಹಂತದಲ್ಲಿ ಪತ್ತೆಯಾದವರ ಸಂಖ್ಯೆ ಹೆಚ್ಚಿತಾದರೂ ಸಾವಿನ ಪ್ರಮಾಣ ತಗ್ಗಲಿಲ್ಲವೆಂದು 2021ರಲ್ಲಿ ವರದಿಯಾಯಿತು.

ಆನುವಂಶಿಕ ಅಪಾಯ

ಬಿಆರ್‌ಸಿಎ1 ಮತ್ತು ಬಿಆರ್‌ಸಿಎ2 ಜೀನ್‌ಗಳ ದೋಷವನ್ನೂ ರಕ್ತದಿಂದ ತಿಳಿಯಬಹುದು. ಈ ಪರೀಕ್ಷೆಯು ಕ್ಯಾನ್ಸರನ್ನಲ್ಲ, ಅದರ ಸಂಭವವನ್ನು ಸೂಚಿಸುತ್ತದೆ. ಒಂದು ದೊಡ್ಡ ಅಧ್ಯಯನದ ಪ್ರಕಾರ 80 ವರ್ಷದೊಳಗೆ ಅಂಡಾಶಯದ ಕ್ಯಾನ್ಸರ್ ಬರುವ ಸಂಭವ ಬಿಆರ್‌ಸಿಎ1 ದೋಷವಿರುವವರಲ್ಲಿ ಸುಮಾರು ಶೇ. 44, ಬಿಆರ್‌ಸಿಎ2 ದೋಷವಿರುವವರಲ್ಲಿ ಸುಮಾರು ಶೇ. 17. ಇವರಿಗೆ ಮಕ್ಕಳಾದ ಬಳಿಕ ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸಿಕೊಳ್ಳುವ ಸಲಹೆ ನೀಡಲಾಗುತ್ತದೆ.

ಕರ್ನಾಟಕದಲ್ಲಿ

1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯು ರಾಜ್ಯದ ಪ್ರಮುಖ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಕಲಬುರಗಿಯಲ್ಲಿ ಇದರ ಕೇಂದ್ರವಿದ್ದು, ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಮತ್ತು ಮುಡಬಿ ಭಾಗದವರಿಗೆ ಬೆಂಗಳೂರಿಗಿಂತ ಬಹಳ ಹತ್ತಿರವಾಗಿದೆ. ರಕ್ತದ ಮಾದರಿಯನ್ನು ಊರಿನಿಂದಲೇ ದೂರದ ಪ್ರಯೋಗಾಲಯಕ್ಕೆ ಕಳುಹಿಸಬಹುದಾದರೂ ಫಲಿತಾಂಶದ ಅರ್ಥ ಅಲ್ಟ್ರಾಸೌಂಡ್ ಮತ್ತು ವೈದ್ಯರ ತಪಾಸಣೆಯಿಂದಲೇ ಸ್ಪಷ್ಟವಾಗುತ್ತದೆ. 30 ವರ್ಷ ಮೀರಿದವರಿಗಾಗಿರುವ ಸರ್ಕಾರಿ ತಪಾಸಣಾ ಕಾರ್ಯಕ್ರಮವು ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳನ್ನು ಒಳಗೊಂಡಿದೆ. ಅಂಡಾಶಯದ ಕ್ಯಾನ್ಸರ್ ಅದರಲ್ಲಿ ಸೇರಿಲ್ಲ. ಗರ್ಭಕಂಠದ ತಪಾಸಣೆಯಿಂದ ಅಂಡಾಶಯದ ಕ್ಯಾನ್ಸರ್ ಇಲ್ಲವೆಂದು ತಿಳಿಯಲಾಗದು. ಆದ್ದರಿಂದ ಮೇಲೆ ಹೇಳಿದ ಲಕ್ಷಣಗಳು ಕೆಲವು ವಾರಗಳವರೆಗೆ ಮತ್ತೆ ಮತ್ತೆ ಕಾಣಿಸಿಕೊಂಡರೆ, ವಿಶೇಷವಾಗಿ 50 ವರ್ಷ ದಾಟಿದವರಲ್ಲಿ, ಸಿಎ-125 ಮತ್ತು ಅಲ್ಟ್ರಾಸೌಂಡ್ ಪರೀಕ್ಷೆಗಳು ಅಗತ್ಯವೆನಿಸುತ್ತವೆ.