ಮೋರ್ಯರ ಮನೆಗೆ ಬಂದ ಡ್ರೂಯಿಡರು

ಶಹಾಪುರದ ಕಡೆ ಹೋಗಿ ಬಂದವರ ಫೋನ್‌ನಲ್ಲಿ ‘ಮಲಗಿದ ಬುದ್ಧ’ನ ಬೆಟ್ಟದ ಫೋಟೊ ಇದ್ದೇ ಇರುತ್ತೆ. ಅಲ್ಲೇ ಹತ್ತಿರದ ವಿಭೂತಿಹಳ್ಳಿಯ ಕಲ್ಲುಗಳ ಫೋಟೊ ಇರೋದು ಅಪರೂಪ. ಬಯಲಲ್ಲಿ ಸಾಲುಸಾಲಾಗಿ ಜೋಡಿಸಿಟ್ಟ ದೊಡ್ಡ ಗುಂಡುಗಳು ಅವು. ಗೋಪುರವಿಲ್ಲ, ಶಾಸನವಿಲ್ಲ. ಯಾರು ತಾನೇ ಗಾಡಿ ನಿಲ್ಲಿಸ್ತಾರೆ?

ಮೆಡೋಸ್ ಟೇಲರ್ ನಿಲ್ಲಿಸಿದ್ದ. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದಲ್ಲಿ ಬ್ರಿಟಿಷರ ಪರವಾಗಿ ಆಡಳಿತ ನೋಡಿಕೊಂಡವನು ಅವನು. ವಿಭೂತಿಹಳ್ಳಿಯ ಸಾಲುಗಳನ್ನು, ರಾಜನಕೋಳೂರಿನ ಕಲ್ಲುಮನೆಗಳನ್ನು ನೋಡಿ ದಾಖಲಿಸಿದ. ಭೀಮಾ ತೀರದ ಜೇವರ್ಗಿಯಲ್ಲಿ ಸಮಾಧಿಗಳನ್ನು ಅಗೆಸಿದ.

ಹೀಗೆ ಊರೂರು ತಿರುಗಿ ಅಳೆದು ಬರೆಯೋ ಚಾಳಿ ಟೇಲರ್‌ನಿಂದ ಶುರುವಾದದ್ದಲ್ಲ. ಅವನಿಗಿಂತ ಇನ್ನೂರು ವರ್ಷ ಮೊದಲೇ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮ್ ನಗರದ ಶ್ರೀಮಂತ ಇದನ್ನೇ ಮಾಡಿದ್ದ. 1614ರಲ್ಲಿ ವೆನಿಸ್ ಬಿಟ್ಟು ಇಸ್ತಾಂಬುಲ್, ಕೈರೊ, ಜೆರುಸಲೇಮ್ ಸುತ್ತಿದ. ಈಜಿಪ್ಟಿನಲ್ಲಿ ಮಮ್ಮಿಗಳನ್ನು ಕೊಂಡ, ಡಮಾಸ್ಕಸ್‌ನಲ್ಲಿ ಸಮಾರಿಟನ್ನರ ಧರ್ಮಗ್ರಂಥದ ಹಸ್ತಪ್ರತಿ ಸಂಪಾದಿಸಿದ. ಕಂಡದ್ದನ್ನೆಲ್ಲ ನೇಪಲ್ಸ್‌ನ ಗೆಳೆಯನಿಗೆ ಉದ್ದುದ್ದ ಪತ್ರ ಬರೆದ. 1623ರಲ್ಲಿ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯ ಜೊತೆ ಹೊರಟು ನಮ್ಮ ಇಕ್ಕೇರಿಗೂ ಬಂದ.

ಆ ದಾರಿಯಲ್ಲಿ ಅವನು ಕಂಡದ್ದು ನನಗೆ ಬಹಳ ಇಷ್ಟ. ಗುಡಿಯ ಜಗಲಿಯಲ್ಲಿ ಹುಡುಗರು ಲೆಕ್ಕವನ್ನು ರಾಗವಾಗಿ ಹೇಳಿಕೊಳ್ತಾ, ನೆಲದ ಮರಳಿನ ಮೇಲೆ ಬೆರಳಲ್ಲಿ ಬರೀತಿದ್ದರು. ಪಿಯೆತ್ರೊ ‘ಇದ್ಯಾಕೆ ಹೀಗೆ?’ ಅಂತ ಅವರನ್ನೇ ಕೇಳಿದ, ಕೇಳಿದ್ದನ್ನು ಬರೆದಿಟ್ಟ. ಅದಕ್ಕೇ ನಾಲ್ಕುನೂರು ವರ್ಷದ ಹಿಂದಿನ ಆ ಪಾಠ ಇವತ್ತಿಗೂ ನಮ್ಮ ಕಣ್ಮುಂದೆ ಬರುತ್ತೆ.

ಟೇಲರ್ ಕೂಡ ಕೇಳಿದ. ಇವು ‘ಮೋರ್ಯರ ಮನೆ’, ಗಿಡ್ಡ ದೇಹದ ಒಂದು ಜನ ಇಲ್ಲಿದ್ದರು ಅನ್ನೋ ಊರವರ ಮಾತನ್ನು ದಾಖಲಿಸಿದ. ಆದರೆ ಮುಂದೆ ಡಬ್ಲಿನ್‌ನ ರಾಯಲ್ ಐರಿಷ್ ಅಕಾಡೆಮಿಗಾಗಿ ಬರೆದಾಗ ತಲೆಬರಹದಲ್ಲೇ ಇವನ್ನು ‘ಕೆಲ್ಟಿಕ್, ಡ್ರೂಯಿಡ್ ಅಥವಾ ಸಿಥಿಯನ್’ ಸ್ಮಾರಕಗಳು ಎಂದ. ತನ್ನ ನಾಡಿನಲ್ಲೂ ಇಂಥವೇ ಕಲ್ಲುಗಳಿದ್ದವಲ್ಲ, ಕಟ್ಟಿದವರೂ ಅವರೇ ಇರಬೇಕು ಅನ್ನೋ ಲೆಕ್ಕ! ಹೀಗೆ ನಮ್ಮ ಮೋರ್ಯರ ಮನೆಗೆ ಡ್ರೂಯಿಡರು ಬಂದು ಸೇರಿಕೊಂಡರು.

ಆ ಡ್ರೂಯಿಡರನ್ನು ಈಗ ಯಾರೂ ನಂಬಲ್ಲ. ಇವು ದಕ್ಷಿಣ ಭಾರತದ ಬೃಹತ್ ಶಿಲಾ ಸಂಸ್ಕೃತಿಯವು ಅನ್ನೋದು ಪುರಾತತ್ವಜ್ಞರ ಮಾತು. ಆದರೂ ಈ ಸೀಮೆಯ ಕಲ್ಲುಗಳ ಬಗ್ಗೆ ಬರೆಯೋರು ಟೇಲರ್‌ನ ಅಳತೆ, ಚಿತ್ರ, ಊರ ಹೆಸರುಗಳಿಗೆ ಇವತ್ತಿಗೂ ಮರಳಿ ಹೋಗ್ತಾರೆ. ಪ್ರವಾಸಿಗರ ಬರಹವನ್ನು ನಾನು ಓದೋದೂ ಹೀಗೇ: ಕಂಡದ್ದು, ಕೇಳಿದ್ದು ಒಂದು ಕಡೆ, ತನ್ನೂರಿಗೆ ಹೋಲಿಸಿ ಊಹಿಸಿದ್ದು ಇನ್ನೊಂದು ಕಡೆ. ಎರಡನೆಯದು ಸುಳ್ಳಾಯಿತು ಅಂತ ಮೊದಲನೆಯದನ್ನೂ ಎಸೆದರೆ ನಷ್ಟ ನಮಗೇ.

ಯಾಕಂದ್ರೆ ಹೆಸರು, ಕಥೆ, ಅಳತೆ ಯಾವುದೂ ಗೊತ್ತಿಲ್ಲದವರಿಗೆ ಇವು ಬರೀ ಗುಂಡುಕಲ್ಲು. ಒಂದನ್ನು ಒಡೆದು ಬುನಾದಿಗೆ ಹಾಕಿದರೆ, ಪಕ್ಕಕ್ಕೆ ತಳ್ಳಿ ಹೊಲ ಮಾಡಿದರೆ, ಸಾಲೇ ಕೆಟ್ಟುಹೋಗುತ್ತೆ. ಸಾಲು ಕೆಟ್ಟ ಮೇಲೆ ಮೋರ್ಯರೂ ಇಲ್ಲ, ಡ್ರೂಯಿಡರೂ ಇಲ್ಲ. ಶಹಾಪುರದ ಕಡೆ ಹೋದರೆ ಬುದ್ಧನ ಫೋಟೊ ತೆಗೆದುಕೊಳ್ಳಿ, ಬೇಡ ಅನ್ನಲ್ಲ. ಹಾಗೇ ವಿಭೂತಿಹಳ್ಳಿಯಲ್ಲೂ ಒಂದರ್ಧ ಗಂಟೆ ಇಳಿದು, ಕಲ್ಲಿಂದ ಕಲ್ಲಿಗೆ ಎಷ್ಟು ಹೆಜ್ಜೆ ಅಂತ ಎಣಿಸಿ ನೋಡಿ.