ಅವಧಿಯುಳ್ಳ ಅಭಯ

ಶ್ರಾವಕನು ಮಾಡಬೇಕಾದ ದಾನವನ್ನು ಆಚಾರ್ಯರು ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ನಾಲ್ಕು ಬಗೆಯಾಗಿ ಹೇಳಿದ್ದಾರೆ. ಆಹಾರವನ್ನು ಅಳೆದು ಕೊಡಬಹುದು. ಔಷಧವನ್ನು ತೂಗಿ ಕೊಡಬಹುದು. ಶಾಸ್ತ್ರವನ್ನು ಬರೆಯಿಸಿ ಕೊಡಬಹುದು. ಅಭಯವೊಂದೇ ಕಣ್ಣಿಗೆ ಕಾಣದ ದಾನ. ಕೊಡುವವನ ಮನಸ್ಸಿನಲ್ಲಿ ಹಿಂಜರಿಕೆ ಉಳಿದಿದ್ದರೆ ಪಡೆದವನ ಮನಸ್ಸಿನಲ್ಲಿ ಭಯವೂ ಉಳಿಯುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಈ ಅಭಯವು ಕಾಗದದ ರೂಪವನ್ನು ತಾಳಬೇಕಾಯಿತು. ನೆಲೆ ಕಳೆದುಕೊಂಡ ಲಕ್ಷಾಂತರ ಜನರಿಗೆ ಆ ಕಾಗದ ದೊರೆತ ಬಗೆ, ಅದರಲ್ಲಿದ್ದ ಕೊರತೆ, ಆ ಕೊರತೆಯನ್ನು ತುಂಬಲು ಹಿಡಿದ 29 ವರ್ಷಗಳು - ಇವು ಧರ್ಮಜಿಜ್ಞಾಸುಗಳು ಅರಿಯತಕ್ಕ ಚರಿತ್ರೆಯಾಗಿವೆ.

1914ಕ್ಕೆ ಮೊದಲು ಯೂರೋಪಿನ ಬಹುಪಾಲು ದೇಶಗಳಲ್ಲಿ ರಹದಾರಿ ಪತ್ರವಿಲ್ಲದೆ ಸಂಚರಿಸಬಹುದಾಗಿತ್ತು. ಮೊದಲನೆಯ ಮಹಾಯುದ್ಧವು ಗಡಿಗಡಿಗೂ ಕಾವಲನ್ನು ತಂದಿತು. ಯುದ್ಧ ಮುಗಿದರೂ ಕಾವಲು ಮುಗಿಯಲಿಲ್ಲ. ಅದೇ ಕಾಲಕ್ಕೆ ರಷ್ಯದ ಕ್ರಾಂತಿ ಮತ್ತು ಅಂತರ್ಯುದ್ಧಗಳಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನರು ಸ್ವದೇಶವನ್ನು ತೊರೆದರು. 1920ರ ನವೆಂಬರಿನಲ್ಲಿ ಕ್ರಿಮಿಯದಿಂದಲೇ ಸುಮಾರು 1,50,000 ಮಂದಿ ಹಡಗುಗಳಲ್ಲಿ ಕಾನ್‌ಸ್ಟಾಂಟಿನೋಪಲ್ ನಗರವನ್ನು ಸೇರಿದರು. 1921ರ ಡಿಸೆಂಬರಿನಲ್ಲಿ ಸೋವಿಯತ್ ಸರ್ಕಾರವು ಹೊರದೇಶಗಳಲ್ಲಿದ್ದ ಇಂಥವರಲ್ಲಿ ಬಹುಜನರ ಪೌರತ್ವವನ್ನು ಆಜ್ಞೆಯ ಮೂಲಕ ರದ್ದುಪಡಿಸಿತು. ಹಳೆಯ ಚಕ್ರವರ್ತಿಯ ಮುದ್ರೆಯಿದ್ದ ಅವರ ಪತ್ರಗಳು ಬೆಲೆಯಿಲ್ಲದವಾದವು. ಕೊಡದಿರುವುದನ್ನು ತೆಗೆದುಕೊಳ್ಳುವುದೇ ಸ್ತೇಯವೆಂದು ಹೇಳುವ ಧರ್ಮದ ದೃಷ್ಟಿಯಿಂದ ನೋಡಿದರೆ, ಹುಟ್ಟಿನಿಂದ ಬಂದ ಪೌರತ್ವವನ್ನು ಹೀಗೆ ಕಸಿದುಕೊಂಡುದು ಸಣ್ಣ ಅಪಹಾರವಲ್ಲ. ಮುನಿಯು ಮನೆಯನ್ನು ತಾನಾಗಿ ತ್ಯಜಿಸಿ ಹೊರಡುತ್ತಾನೆ. ಅವನ ವಿಹಾರಕ್ಕೆ ಎಲ್ಲ ಊರಿನ ಬಾಗಿಲುಗಳೂ ತೆರೆದಿರುತ್ತವೆ. ನಿರಾಶ್ರಿತನ ಅಲೆದಾಟದಲ್ಲಿ ತ್ಯಾಗವಿಲ್ಲ. ಅವನಿಗೆ ಪ್ರತಿಯೊಂದು ಬಾಗಿಲೂ ಮುಚ್ಚಿರುತ್ತದೆ.

ಈ ಜನರ ಹೊಣೆಯನ್ನು ಲೀಗ್ ಆಫ್ ನೇಷನ್ಸ್ ಎಂಬ ರಾಷ್ಟ್ರಸಂಘವು 1921ರಲ್ಲಿ ನಾರ್ವೆ ದೇಶದ ಫ್ರಿಟ್ಯೋಫ್ ನಾನ್ಸೆನ್ ಅವರಿಗೆ ವಹಿಸಿತು. ನಾನ್ಸೆನ್ ಪ್ರಾಣಿವಿಜ್ಞಾನಿ, 1888ರಲ್ಲಿ ಗ್ರೀನ್‌ಲೆಂಡಿನ ಹಿಮರಾಶಿಯನ್ನು ದಾಟಿದ ಸಾಹಸಿ, ಲಕ್ಷಾಂತರ ಯುದ್ಧಕೈದಿಗಳನ್ನು ಅವರವರ ಊರಿಗೆ ಮುಟ್ಟಿಸಿದ ಸೇವಾವ್ರತಿ. ನಿರಾಶ್ರಿತರಿಗೆ ಅನ್ನ ಬಟ್ಟೆಗಳಷ್ಟೇ ಅಲ್ಲದೆ ಗುರುತಿನ ಪತ್ರವೂ ಬೇಕೆಂಬುದು ಅವರ ಕಾರ್ಯದಲ್ಲಿ ಸ್ಪಷ್ಟವಾಯಿತು. ಪತ್ರವಿಲ್ಲದವನು ಕೆಲಸವಿರುವ ಊರಿಗೆ ಹೋಗಲಾರ. ಇದ್ದ ಊರಿನಲ್ಲಿ ಕೆಲಸವಿಲ್ಲದೆ ಪರರ ಅನ್ನಕ್ಕೆ ಕೈಯೊಡ್ಡಬೇಕು. 1922ರ ಜುಲೈ 5ರಂದು ಜಿನೀವಾದಲ್ಲಿ ಕೂಡಿದ ರಾಷ್ಟ್ರಗಳು ಒಂದು ಪ್ರಮಾಣಪತ್ರದ ಮಾದರಿಯನ್ನು ಒಪ್ಪಿದವು. ನಿರಾಶ್ರಿತನು ತಾನಿರುವ ದೇಶದ ಸರ್ಕಾರದಿಂದಲೇ ಅದನ್ನು ಪಡೆಯಬೇಕು. ಆತನು ರಷ್ಯಮೂಲದವನು, ಬೇರೆ ಪೌರತ್ವವನ್ನು ಪಡೆಯದವನು ಎಂಬುದನ್ನು ಅದು ದೃಢಪಡಿಸುತ್ತಿತ್ತು. ಕಡುಬಡವರಿಗೆ ಅದನ್ನು ಉಚಿತವಾಗಿ ಕೊಡಬೇಕೆಂದೂ ಒಪ್ಪಂದವು ಹೇಳಿತು. ಜನರು ಅದನ್ನು ನಾನ್ಸೆನ್ ಪಾಸ್‌ಪೋರ್ಟ್ ಎಂದು ಕರೆದರು. ಅದೇ ವರ್ಷ ನಾನ್ಸೆನ್ ಅವರಿಗೆ ನೊಬೆಲ್ ಶಾಂತಿ ಪುರಸ್ಕಾರವು ದೊರೆಯಿತು. ಆ ಹಣವನ್ನು ಅವರು ನೊಂದವರ ಸೇವೆಗೇ ವಿನಿಯೋಗಿಸಿದರು.

ಆದರೆ ಈ ಪತ್ರದಲ್ಲಿ ಒಂದು ದೊಡ್ಡ ಕೊರತೆಯಿತ್ತು. ಅದನ್ನು ಕೊಟ್ಟ ದೇಶಕ್ಕೆ ಮರಳಿ ಬರುವ ಹಕ್ಕು, ಆ ದೇಶದ ವಿಶೇಷ ಅನುಮತಿಯಿಲ್ಲದೆ, ಪತ್ರದಿಂದ ಲಭಿಸುತ್ತಿರಲಿಲ್ಲ. ಒಬ್ಬ ನಿರಾಶ್ರಿತನು ಒಂದು ನಗರದಲ್ಲಿ ಬಡಗಿಯ ಕೆಲಸ ಮಾಡಿಕೊಂಡಿದ್ದಾನೆ, ಅವನ ತಾಯಿ ನೆರೆಯ ದೇಶದಲ್ಲಿ ರೋಗಶಯ್ಯೆಯಲ್ಲಿದ್ದಾಳೆ ಎಂದು ಭಾವಿಸೋಣ. ಪತ್ರ ಹಿಡಿದು ಅವನು ಹೊರಡಬಲ್ಲ; ಆದರೆ ಹೊರಟರೆ ಕೆಲಸವೂ ಹೋಗಬಹುದು, ಸೂರೂ ಹೋಗಬಹುದು. ಹೊರಡದಿದ್ದರೆ ತಾಯಿಯ ಮುಖವನ್ನು ಕಾಣಲಾರ. ಹೋಗಗೊಡುವ, ಬರಗೊಡದ ಪತ್ರವನ್ನು ಕೊಟ್ಟ ಸರ್ಕಾರವು ಅತಿಥಿಯನ್ನು ಸತ್ಕರಿಸಿತೋ ಸಾಗಹಾಕಿತೋ ಎಂಬ ಸಂದೇಹವು ಸಹಜವಾದುದು.

ಅನೇಕಾಂತದೃಷ್ಟಿಯುಳ್ಳವನು ಇಲ್ಲಿ ಇನ್ನೊಂದು ಪಕ್ಷವನ್ನೂ ಕಾಣಬೇಕು. ಯುದ್ಧದಿಂದ ಬಸವಳಿದ ದೇಶಗಳಲ್ಲಿ ತಮ್ಮ ಪ್ರಜೆಗಳಿಗೇ ಉದ್ಯೋಗವಿರಲಿಲ್ಲ. ಒಮ್ಮೆ ಪತ್ರ ಕೊಟ್ಟರೆ ಶಾಶ್ವತವಾದ ಹೊರೆ ಬೀಳುವುದೆಂದು ಸರ್ಕಾರಗಳು ಅಂಜಿದವು. ಪೂರ್ಣವಾದ ಅಭಯವನ್ನೇ ಕೊಡಬೇಕೆಂಬ ಹಠಕ್ಕೆ ಅಂದು ಎಡೆಕೊಟ್ಟಿದ್ದರೆ ಅಷ್ಟು ರಾಷ್ಟ್ರಗಳು ಒಪ್ಪುತ್ತಿದ್ದುದು ಸಂದೇಹ. ಆದುದರಿಂದ 1922ರ ಪತ್ರವನ್ನು ರಾಷ್ಟ್ರಗಳು ಕೈಕೊಂಡ ಅಣುವ್ರತವೆಂದು ತಿಳಿಯುವುದು ಯುಕ್ತ. ಅಣುವ್ರತವು ಅಲ್ಪವೆಂದು ನಿಂದ್ಯವಲ್ಲ. ಆದರೆ ಅಲ್ಲಿಯೇ ನಿಂತುಬಿಟ್ಟು, ಇಷ್ಟೇ ಸಾಕೆಂದು ಬೀಗಿದರೆ ಅದರ ಸತ್ತ್ವ ಕುಗ್ಗುತ್ತದೆ. ಶ್ರಾವಕನ ಹನ್ನೊಂದು ಪ್ರತಿಮೆಗಳಂತೆ ಒಂದೊಂದೇ ಮೆಟ್ಟಿಲನ್ನು ಏರಬೇಕು.

ಮೆಟ್ಟಿಲುಗಳನ್ನು ಏರಿದ್ದು ನಿಧಾನವಾಗಿ. 1924ರಲ್ಲಿ ಈ ಪತ್ರವು ಆರ್ಮೇನಿಯನ್ನರಿಗೂ, 1928ರಲ್ಲಿ ಅಸ್ಸೀರಿಯನ್ನರೇ ಮೊದಲಾದವರಿಗೂ ವಿಸ್ತರಿಸಿತು. 1926ರ ಒಪ್ಪಂದವು ಹೊರಡುವವನಿಗೆ ಮರಳುವ ವೀಸಾ ಕೊಡತಕ್ಕದ್ದೆಂಬ ತತ್ತ್ವವನ್ನು ಅಂಗೀಕರಿಸಿತಾದರೂ, ಅದಕ್ಕೆ ವಿನಾಯಿತಿ ಮಾಡಿಕೊಳ್ಳುವ ಅಧಿಕಾರವನ್ನು ಸರ್ಕಾರಗಳಿಗೇ ಉಳಿಸಿತು. ಶಕ್ತರಾದ ನಿರಾಶ್ರಿತರು ಐದು ಚಿನ್ನದ ಫ್ರಾಂಕ್ ಬೆಲೆಯ ಅಂಚೆಚೀಟಿಯಂಥ ಮುದ್ರೆಯನ್ನು ಕೊಂಡು ಪತ್ರಕ್ಕೆ ಅಂಟಿಸುವ ಏರ್ಪಾಡೂ ಆಗಲೇ ಬಂದಿತು. ಅದರ ಆದಾಯವು ಬೇರೆ ನಿರಾಶ್ರಿತರ ಪುನರ್ವಸತಿಗೆ ಸಲ್ಲುತ್ತಿತ್ತು. ಬಡವರಾದವರೇ ಹೆಚ್ಚು ಬಡವರಿಗೆ ಕೈಯಾದ ಈ ಏರ್ಪಾಡು ಸ್ಮರಣೀಯ. 1930ರಲ್ಲಿ ನಾನ್ಸೆನ್ ತೀರಿಕೊಂಡರು. 1933ರ ಒಡಂಬಡಿಕೆಯು ಹೋಗಿಬರುವ ಹಕ್ಕನ್ನು ಪತ್ರದಲ್ಲಿಯೇ ಸೇರಿಸಿತಾದರೂ ಅದಕ್ಕೆ ಸೇರಿದವು ಬೆರಳೆಣಿಕೆಯ ರಾಷ್ಟ್ರಗಳು ಮಾತ್ರ. ಒಟ್ಟಿನಲ್ಲಿ ಐವತ್ತಕ್ಕೂ ಹೆಚ್ಚು ಸರ್ಕಾರಗಳು ನಾನ್ಸೆನ್ ಪತ್ರವನ್ನು ಮನ್ನಿಸಿದವು. ಸುಮಾರು 4,50,000 ಜನರಿಗೆ ಅದು ದೊರೆಯಿತು. ಸಂಗೀತಕಾರ ಸ್ಟ್ರಾವಿನ್‌ಸ್ಕಿ, ಚಿತ್ರಕಾರ ಶಗಾಲ್, ಲೇಖಕ ನಬೊಕೊವ್ ಅದನ್ನು ಹಿಡಿದವರು. ಆ ಹಸಿರು ಕಾಗದವನ್ನು ಹೊತ್ತು ಕಚೇರಿಗಳಲ್ಲಿ ಅನುಭವಿಸಿದ ಅವಮಾನವನ್ನು ನಬೊಕೊವ್ ತಮ್ಮ ಆತ್ಮಕಥೆಯಲ್ಲಿ ಮರೆಯದೆ ದಾಖಲಿಸಿದ್ದಾರೆ.

ಎರಡನೆಯ ಮಹಾಯುದ್ಧದ ಬಳಿಕ, 1951ರ ಜುಲೈ 28ರ ನಿರಾಶ್ರಿತರ ಒಡಂಬಡಿಕೆಯು ದೊಡ್ಡ ಮೆಟ್ಟಿಲನ್ನು ಏರಿತು. ಅದರ 28ನೆಯ ವಿಧಿಯಂತೆ, ದೇಶದ ಭದ್ರತೆ ಅಥವಾ ಸಾರ್ವಜನಿಕ ಶಾಂತಿಯ ಬಲವಾದ ಕಾರಣವಿದ್ದ ಹೊರತು, ನ್ಯಾಯಸಮ್ಮತವಾಗಿ ನೆಲೆಸಿದ ನಿರಾಶ್ರಿತನಿಗೆ ಪ್ರಯಾಣಪತ್ರವನ್ನು ಕೊಡಲೇಬೇಕು. ಪತ್ರದ ಅವಧಿಯೊಳಗೆ ಯಾವಾಗ ಬಂದರೂ ಕೊಟ್ಟ ದೇಶವು ಅವನನ್ನು ಮರಳಿ ಸೇರಿಸಿಕೊಳ್ಳಬೇಕು. ಶುಲ್ಕವು ಸ್ವಂತ ಪ್ರಜೆಗಳ ಪಾಸ್‌ಪೋರ್ಟಿನ ಕನಿಷ್ಠ ದರವನ್ನು ಮೀರಕೂಡದು. ಸ್ವದೇಶದ ರಾಯಭಾರ ಕಚೇರಿಗೆ ಹೋಗಿ ಪಾಸ್‌ಪೋರ್ಟನ್ನು ಏಕೆ ಪಡೆಯಬಾರದೆಂದು ಕೇಳುವವರಿದ್ದಾರೆ. ಯಾರ ಭಯದಿಂದ ಓಡಿಬಂದನೋ ಅವರ ರಕ್ಷಣೆಯನ್ನೇ ಮತ್ತೆ ಬೇಡಿದಂತಾಗುವುದರಿಂದ, ನಿರಾಶ್ರಿತನೆಂಬ ಸ್ಥಾನವೇ ಅವನಿಂದ ಜಾರಬಹುದು.

ಇಷ್ಟಾದರೂ ಪತ್ರಕ್ಕೆ ಅವಧಿಯೆಂಬುದು ಉಳಿಯಿತು. ನಾನ್ಸೆನ್ ಪತ್ರದ ಆಯುಷ್ಯ ಒಂದು ವರ್ಷ. 1951ರ ಒಡಂಬಡಿಕೆಯಲ್ಲಿ ಒಂದು ಅಥವಾ ಎರಡು ವರ್ಷ. ನವೀಕರಣವು ಕೊಟ್ಟ ದೇಶದ ಅಧಿಕಾರಿಗಳ ಕೈಯಲ್ಲಿದೆ. ಹೊರದೇಶದಲ್ಲಿರುವಾಗ ಅವಧಿ ಮುಗಿದರೆ, ವಿಶೇಷವಾಗಿ ಅಧಿಕಾರ ಪಡೆದ ರಾಯಭಾರ ಕಚೇರಿಯು ಆರು ತಿಂಗಳನ್ನು ಮೀರದಂತೆ ವಿಸ್ತರಿಸಬಹುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಕಾಲಮಿತಿಯುಳ್ಳ ತ್ಯಾಗವನ್ನು ನಿಯಮವೆಂದೂ, ಜೀವವಿರುವವರೆಗಿನದನ್ನು ಯಮವೆಂದೂ ವಿಂಗಡಿಸಿದ್ದಾರೆ. ಪ್ರಜೆಗೆ ನಾಡು ಕೊಡುವ ಅಭಯವು ಯಮದಂತೆ. ಅವನ ಪಾಸ್‌ಪೋರ್ಟ್ ಮುಗಿದರೂ ಪೌರತ್ವ ಮುಗಿಯದು. ನಿರಾಶ್ರಿತನಿಗೆ ಕೊಡುವ ಅಭಯವು ನಿಯಮದಂತೆ. ಪತ್ರದ ತಾರೀಖು ಸಮೀಪಿಸಿದಂತೆ ಹಳೆಯ ಭಯವು ಮರಳುತ್ತದೆ. ನಿಯಮವನ್ನು ಕೈಕೊಂಡವನು ಅವಧಿ ಮುಗಿಯುವ ಮುನ್ನವೇ ಶ್ರದ್ಧೆಯಿಂದ ಅದನ್ನು ನವೀಕರಿಸಬೇಕಲ್ಲದೆ, ಮರೆವಿನಿಂದ ಬಿಟ್ಟರೆ ಅದು ಪ್ರಮಾದವೇ ಸರಿ. ಕಚೇರಿಯ ಮೇಜಿನ ಮೇಲೆ ವಿನಾಕಾರಣ ಉಳಿದ ಅರ್ಜಿಯೂ ಪ್ರಮಾದದ ಒಂದು ರೂಪವೇ.

ಕನ್ನಡನಾಡಿಗೂ ಈ ಚರಿತ್ರೆಯ ಸಂಬಂಧವುಂಟು. ಭಾರತವು 1951ರ ಒಡಂಬಡಿಕೆಗೆ ಸೇರಿದ ರಾಷ್ಟ್ರವಲ್ಲ. ಆದರೂ 1959ರಲ್ಲಿ ದಲೈ ಲಾಮಾ ಅವರೂ ಅವರ ಹಿಂದೆ ಸಾವಿರಾರು ಟಿಬೆಟನ್ನರೂ ಬಂದಾಗ ದೇಶವು ಆಶ್ರಯವನ್ನು ನೀಡಿತು. ಅಂದಿನ ಮೈಸೂರು ರಾಜ್ಯವು ಬೈಲುಕುಪ್ಪೆಯಲ್ಲಿ ಭೂಮಿ ಕೊಟ್ಟಿತು; ಅಲ್ಲಿಯ ವಸತಿ 1960ರಲ್ಲಿಯೂ, ಮುಂಡಗೋಡಿನದು 1966ರಲ್ಲಿಯೂ ಆರಂಭವಾದವು. ಇಲ್ಲಿಯ ಟಿಬೆಟನ್ನರು ಹೊರದೇಶಕ್ಕೆ ಹೋಗಲು ಭಾರತ ಸರ್ಕಾರವು ಪಾಸ್‌ಪೋರ್ಟಿನ ಬದಲು ಗುರುತಿನ ಪ್ರಮಾಣಪುಸ್ತಿಕೆಯನ್ನು ಕೊಡುತ್ತ ಬಂದಿದೆ. ಅದರ ಜೊತೆಗೆ, ಹಿಂದಿರುಗಲು ಆಕ್ಷೇಪವಿಲ್ಲವೆಂಬ ಬೇರೊಂದು ಮುದ್ರೆಯೂ ದೀರ್ಘಕಾಲ ಬೇಕಾಗಿತ್ತು. 1922ರ ಪ್ರಶ್ನೆಯೇ ಇಲ್ಲಿಯೂ ತಲೆದೋರಿದುದನ್ನು ಗಮನಿಸಬೇಕು. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದ ಟಿಬೆಟನ್ನರು ಜನ್ಮತಃ ಭಾರತೀಯರೆಂದು 2010ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅದೇ ನಿಲುವನ್ನು ತಳೆಯಿತು. ಅಂಥವರ ಪಾಲಿಗೆ ನಿಯಮವು ಯಮವಾಗುವ ದಾರಿ ತೆರೆಯಿತು.

ದಾನದ ಫಲವು ದ್ರವ್ಯದ ವಿಶೇಷದಿಂದ ಮಾತ್ರವಲ್ಲದೆ, ಕೊಡುವ ವಿಧಿಯ ಮತ್ತು ದಾತೃವಿನ ವಿಶೇಷದಿಂದಲೂ ಹೆಚ್ಚುತ್ತದೆಂಬುದು ಜೈನಾಚಾರ್ಯರ ಅಭಿಪ್ರಾಯ. ಅಭಯಪತ್ರಕ್ಕೂ ಇದು ಸಲ್ಲುತ್ತದೆ. ಕಾಗದವು ಒಂದೇ ಆದರೂ, ಸಕಾಲದಲ್ಲಿ ಗೌರವದಿಂದ ಕೊಟ್ಟದ್ದು ದಾನ. ತಡಮಾಡಿ ತಿರಸ್ಕಾರದಿಂದ ಕೊಟ್ಟದ್ದು ಇನ್ನೊಂದು ಭಯ. ಹೋದವನು ಮರಳಿ ಬಂದಾಗ ಬಾಗಿಲು ತೆರೆಯುವ ಮನೆಯೇ ಆಶ್ರಯವೆನಿಸುತ್ತದೆ. ಇದನ್ನು ರಾಷ್ಟ್ರಗಳು ಒಪ್ಪಲು 29 ವರ್ಷಗಳು ಬೇಕಾದವು. ಒಪ್ಪಿದುದನ್ನು ಪ್ರತಿಯೊಂದು ನವೀಕರಣದಲ್ಲಿಯೂ ಮತ್ತೆ ಆಚರಿಸುವುದು ಇಂದಿನವರ ಕರ್ತವ್ಯ.